ಅಪರಿಚಿತ ಖರೀದಿದಾರರಿಗೆ ಬರೆದ ಇ-ಮೇಲ್ ಪತ್ರವು ತಲುಪುವ ಬಗೆ

ಹಾನಗಲ್ಲ ತಾಲೂಕಿನ ಮಾವು, ಸವಣೂರಿನ ವೀಳ್ಯದೆಲೆ, ಶಿಗ್ಗಾಂವಿ ಮತ್ತು ಹಿರೇಕೆರೂರ ಭಾಗದ ಗೋವಿನಜೋಳ ಹಾಗೂ ಹತ್ತಿ ಇವುಗಳನ್ನು ಬೆಳೆಯುವುದರಲ್ಲಿ ನಮ್ಮ ರೈತ ಬಾಂಧವರು ಯಾರಿಗೂ ಕಡಿಮೆಯಾದವರಲ್ಲ. ಕೊರತೆಯಿರುವುದು ಮಾರಾಟದಲ್ಲಿ. ಹೂ ಬಿಟ್ಟಾಗಲೇ ಮಾವಿನ ತೋಟವನ್ನು ಗುತ್ತಿಗೆದಾರನಿಗೆ ಒಪ್ಪಿಸಿ, ಧಾರಣೆ ಏರಿದಾಗ ಕೈ ಕೈ ಹಿಸುಕಿಕೊಳ್ಳುವ ರೂಢಿಯು ಇನ್ನೂ ಉಂಟು. ೨೦೨೦ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಇಂಥ ಸಂಸ್ಥೆಗಳು ದೂರದ ಖರೀದಿದಾರರಿಗೆ ತಾವೇ ಇ-ಮೇಲ್ ಬರೆದು ಮಾಲು ಮಾರಲು ಯತ್ನಿಸುವುದು ಶ್ಲಾಘನೀಯವಾದದ್ದು.

ಆದರೆ ನೂರು ಪತ್ರ ಬರೆದರೂ ಒಂದು ಉತ್ತರವೂ ಬಾರದಿದ್ದರೆ, ತಾವು ಹೇಳಿದ ಧಾರಣೆಯೇ ಹೆಚ್ಚಾಯಿತೆಂದು ತಿಳಿದು ಅದನ್ನು ಇಳಿಸುವವರುಂಟು. ಇದು ಅವಸರದ ಮಾತು. ಎಷ್ಟೋ ವೇಳೆ ಆ ಪತ್ರವು ಖರೀದಿದಾರನ ಕಣ್ಣಿಗೇ ಬಿದ್ದಿರುವುದಿಲ್ಲ. ಅವನ ಸ್ಪ್ಯಾಮ್ ಬುಟ್ಟಿಯಲ್ಲಿ ಬಿದ್ದಿರುತ್ತದೆ. ಬೀಜವು ಮೊಳೆಯಿತೋ ಇಲ್ಲವೋ ಎಂಬುದನ್ನು ನೋಡದೆ ಗೊಬ್ಬರ ಹಾಕುವುದರಿಂದ ಏನು ಫಲ? ಕಾರಣ, ಪತ್ರವು ತಲುಪುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

(೧) ಜರಡಿಯ ಕಾರಣ

೧೯೭೮ನೆಯ ಇಸವಿಯ ಮೇ ತಿಂಗಳಲ್ಲಿ ಅಮೇರಿಕೆಯ ಗಣಕಯಂತ್ರದ ಕಂಪನಿಯೊಂದರ ವ್ಯಾಪಾರಿಯು ಸುಮಾರು ೪೦೦ ಜನರಿಗೆ ಅವರು ಕೇಳದ ಜಾಹೀರಾತು ಪತ್ರವನ್ನು ಒಮ್ಮೆಲೇ ಕಳಿಸಿದನು. ಪಡೆದವರಲ್ಲಿ ಅನೇಕರು ಆಕ್ಷೇಪಿಸಿದರು. ಮುಂದೆ ಇಂಥ ಪತ್ರಗಳ ಹಾವಳಿಯು ಮಿತಿಮೀರಲು, ಅಂಚೆ ಒದಗಿಸುವ ಸಂಸ್ಥೆಗಳು ಜರಡಿ ಹಿಡಿಯಬೇಕಾಯಿತು. ಈ ಜರಡಿಯು ಮಾವಿನ ರುಚಿಯನ್ನು ಅರಿಯದು. ಕಳಿಸಿದವನು ಯಾರು, ಅವನ ಗುರುತು ನಿಜವೇ, ಅವನ ಹಿಂದಿನ ಪತ್ರಗಳನ್ನು ಜನರು ಹೇಗೆ ಕಂಡರು ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ.

(೨) ಗುರುತಿನ ಮೂರು ಸಾಧನಗಳು

ಮೊದಲು ಸಂಸ್ಥೆಯ ಹೆಸರಿನಲ್ಲಿ ಸ್ವಂತ ಡೊಮೇನ್ ಪಡೆಯತಕ್ಕದ್ದು. ಇ-ಮೇಲ್ ವಿಳಾಸದಲ್ಲಿ 'ಆಟ್' ಗುರುತಿನ ನಂತರ ಬರುವ ಹೆಸರೇ ಡೊಮೇನ್. ಡಿಎನ್‌ಎಸ್ ಎಂಬ ಸಾರ್ವಜನಿಕ ದಫ್ತರದಲ್ಲಿ ಅದರ ಹೆಸರಿಗೆ ಮೂರು ನಮೂದುಗಳನ್ನು ಮಾಡಿಸಬೇಕು.

ಎಸ್‌ಪಿಎಫ್ ಎಂಬುದು ನಮ್ಮ ಹೆಸರಿನಲ್ಲಿ ಪತ್ರ ಸಾಗಿಸಲು ಯಾವ ಯಂತ್ರಗಳಿಗೆ ಅಪ್ಪಣೆಯಿದೆ ಎಂಬ ಪಟ್ಟಿ. ಒಂದು ಡೊಮೇನಿಗೆ ಇಂಥ ಪಟ್ಟಿಯು ಒಂದೇ ಇರಬೇಕು. ಎರಡಾದರೆ ಪರೀಕ್ಷೆಯು ಕೆಡುವುದು. ಡಿಕಿಮ್ ಎಂಬುದು ಪತ್ರದ ಮೇಲಿನ ಮುದ್ರೆ. ಬೀಜೋತ್ಪಾದನೆ ಮಾಡುವ ರೈತರಿಗೆ ಪ್ರಮಾಣಿತ ಬೀಜದ ಚೀಲದ ನೀಲಿ ಚೀಟಿಯೂ ಮೊಹರೂ ಗೊತ್ತಿರುವವು. ಮೊಹರು ಒಡೆದ ಚೀಲವನ್ನು ಯಾರು ನಂಬುವರು? ಅದರಂತೆಯೇ ದಾರಿಯಲ್ಲಿ ಪತ್ರವನ್ನು ತಿದ್ದಿದರೆ ಈ ಮುದ್ರೆಯು ತಾಳೆಯಾಗುವುದಿಲ್ಲ. ಮೂರನೆಯದಾದ ಡಿಮಾರ್ಕ್, ಮೇಲಿನ ಎರಡರಲ್ಲಿ ಒಂದಾದರೂ ಓದುಗನಿಗೆ ಕಾಣುವ ವಿಳಾಸಕ್ಕೆ ಹೊಂದಬೇಕೆಂದು ಕೇಳುತ್ತದೆ. ಹೊಂದದ ಪತ್ರವನ್ನು ಏನು ಮಾಡಬೇಕೆಂಬುದನ್ನೂ ತಿಳಿಸುತ್ತದೆ.

೨೦೨೪ನೆಯ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು ತನ್ನ ಜಿಮೇಲ್ ಖಾತೆಗಳಿಗೆ ದಿನಕ್ಕೆ ೫೦೦೦ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ಕಡಿಮೆ ಕಳಿಸುವವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು. ಮೂರನ್ನೂ ಮಾಡಿಸುವುದೇ ಕ್ಷೇಮಕರ.

(೩) ಮೊಳಕೆಯ ಪರೀಕ್ಷೆ

ಬಿತ್ತುವ ಮುಂಚೆ ನೂರು ಕಾಳು ಮೊಳೆಯಿಸಿ ನೋಡುವಂತೆ, ಮೊದಲ ಪತ್ರವನ್ನು ತಮ್ಮದೇ ಜಿಮೇಲ್ ಖಾತೆಗೆ ಕಳಿಸಿಕೊಳ್ಳಿರಿ. ಅದನ್ನು ಗಣಕಯಂತ್ರದಲ್ಲಿ ತೆರೆದು 'ಶೋ ಒರಿಜಿನಲ್' ಎಂಬುದನ್ನು ಒತ್ತಿದರೆ, ಮೂರು ಹೆಸರುಗಳ ಮುಂದೆ 'ಪಾಸ್' ಎಂದು ಕಾಣಬೇಕು. ಕಾಣದಿದ್ದರೆ ಡೊಮೇನ್ ಒದಗಿಸಿದವರಿಂದ ಸರಿಪಡಿಸಿಕೊಂಡ ಹೊರತು ಮುಂದುವರಿಯಬಾರದು.

(೪) ಸಂಖ್ಯೆಯೂ ವಿಳಾಸಗಳೂ

ಹೊಸ ಡೊಮೇನ್ ಎಳೆಯ ಸಸಿಯಂತೆ. ಮೊದಲ ದಿನವೇ ಐನೂರು ಪತ್ರ ಹೊರಟರೆ ಜರಡಿಗೆ ಸಂಶಯ ಬರುವುದು ಸಹಜ. ಮೊದಲ ವಾರ ದಿನಕ್ಕೆ ಐದು-ಹತ್ತು ಪತ್ರಗಳು ಸಾಕು. ಉತ್ತರಗಳು ಬಂದಂತೆ ಮೆಲ್ಲಗೆ ಹೆಚ್ಚಿಸಬೇಕು. ಹಣ ಕೊಟ್ಟು ಕೊಂಡ ವಿಳಾಸಗಳ ಪಟ್ಟಿಯು ಬೆರಕೆ ಬೀಜವಿದ್ದಂತೆ, ಅದನ್ನು ಮುಟ್ಟಬಾರದು. ವಿಳಾಸವಿಲ್ಲವೆಂದು ತಿರುಗಿಬಂದ ಹೆಸರನ್ನು ಅಂದೇ ತೆಗೆದುಹಾಕಬೇಕು. ಪತ್ರ ಪಡೆದವರು 'ಸ್ಪ್ಯಾಮ್' ಎಂದು ದೂರುವ ಪ್ರಮಾಣವು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಿರಬೇಕು, ಮೂರನ್ನು ಎಂದೂ ಮುಟ್ಟಬಾರದು ಎಂದು ಗೂಗಲ್ ತಿಳಿಸಿದೆ. ಸಂಶಯವಿದ್ದಲ್ಲಿ ಮೊದಲು ದೂರವಾಣಿಯಲ್ಲಿ ಮಾತಾಡಿ, ಒಪ್ಪಿಗೆ ಪಡೆದು ಬರೆಯುವುದು ಉತ್ತಮ.

(೫) ಪತ್ರದ ಒಕ್ಕಣೆ

ಒಬ್ಬ ಖರೀದಿದಾರನಿಗೆ ಅವನ ವ್ಯಾಪಾರವನ್ನು ಅರಿತು ಒಂದು ಪತ್ರ ಬರೆಯಬೇಕು. ಭಾರವಾದ ಚಿತ್ರಗಳನ್ನೂ ಮೊಟಕು ಮಾಡಿದ ಕೊಂಡಿಗಳನ್ನೂ ಮೊದಲ ಪತ್ರದಲ್ಲಿ ಸೇರಿಸಬಾರದು. ಮಾದರಿ:

ವಿಷಯ: ಹಾನಗಲ್ಲ ಆಪೂಸ ಮಾವು, ೧೦ ಟನ್, ಮೇ ಎರಡನೆಯ ವಾರ

"ಮಾನ್ಯರೇ, ತಾವು ಆಪೂಸ ಹಣ್ಣಿನ ತಿರುಳು ತಯಾರಿಸುವಿರೆಂದು ತಿಳಿದು ಬರೆಯುತ್ತಿದ್ದೇವೆ. ನಾವು ಹಾನಗಲ್ಲ ತಾಲೂಕಿನ ರೈತರ ಸಂಸ್ಥೆಯವರು. ಮೇಲಿನ ಮಾಲನ್ನು ವಿಂಗಡಿಸಿ ಕೊಡಬಲ್ಲೆವು. ಮಾದರಿ ಹಣ್ಣು ಕಳಿಸೋಣವೇ? ಬೇಡವಾದಲ್ಲಿ ಒಂದು ಮಾತು ತಿಳಿಸಿದರೆ ಮತ್ತೆ ಬರೆಯುವುದಿಲ್ಲ."

ಕೆಳಗೆ ಬರೆದವರ ಹೆಸರು, ಸಂಸ್ಥೆಯ ಪೂರ್ಣ ವಿಳಾಸ, ದೂರವಾಣಿ ಸಂಖ್ಯೆ ಇರತಕ್ಕದ್ದು. ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ಮಾತ್ರ ನೆನಪಿಸಬಹುದು. ಬೇಡವೆಂದವರ ಹೆಸರನ್ನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟು, ಅವರಿಗೆ ಮತ್ತೆ ಬರೆಯದಂತೆ ನೋಡಿಕೊಳ್ಳಬೇಕು.

ಮಾವು ಹಣ್ಣಾದ ಮೇಲೆ ಕಾಯುವುದಿಲ್ಲ. ಡೊಮೇನಿನ ಹೆಸರು ಒಂದು ದಿನದಲ್ಲಿ ಬೆಳೆಯುವುದೂ ಇಲ್ಲ. ಆದುದರಿಂದ ಮೂರು ನಮೂದುಗಳ ಕೆಲಸವನ್ನು ಗಿಡಗಳು ಹೂ ಬಿಡುವ ಮುಂಚೆಯೇ ಮುಗಿಸಿ, ಹೂ ಕಟ್ಟುವ ಕಾಲಕ್ಕೆ ಮೊದಲ ಹತ್ತು ಪತ್ರಗಳನ್ನು ಕಳಿಸಬೇಕೆಂದು ರೈತ ಸಂಸ್ಥೆಗಳ ಚಾಲಕರಲ್ಲಿ ಸೂಚನೆ. ಗುತ್ತಿಗೆದಾರನು ತೋಟಕ್ಕೆ ಬರುವ ಹೊತ್ತಿಗೆ ಖರೀದಿದಾರನ ಒಂದು ಉತ್ತರವಾದರೂ ಕೈಯಲ್ಲಿದ್ದರೆ, ಧಾರಣೆಯ ಮಾತನ್ನು ರೈತನು ಧೈರ್ಯದಿಂದ ಆಡಬಲ್ಲನು.