‘ಸೀಯುವುದು’ ಎಂಬ ಮಾತೂ ಆಲೂಗೆಡ್ಡೆಯ ಅಂಗಮಾರಿಯೂ

ಮೊಸಳೆಯ ಸುತ್ತಿನಲ್ಲಿಯೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗಳಲ್ಲಿಯೂ ಪೈರಿನ ಎಲೆ ಕಪ್ಪಿಟ್ಟುದನ್ನು ಕಂಡ ರೈತರು ‘ಸೀದುಹೋಗಿದೆ’ ಎನ್ನುವುದುಂಟು. ಮಾತು ಒಳ್ಳೆಯದೇ, ಆದರೆ ಅದರ ಸ್ವಭಾವವನ್ನರಿತು ಬಳಸತಕ್ಕದ್ದು.

ಸುಟ್ಟ ಸೌದೆಯು ಒಳಗಿನವರೆಗೂ ಬೂದಿಯಾಗುತ್ತದೆ. ಸೀಯುವುದಾದರೋ ಮೇಲ್ಮೈಗೆ ಸಂಬಂಧಪಟ್ಟುದು: ರೊಟ್ಟಿಯ ಮೈ ಸೀಯುತ್ತದೆ; ತಳ ಹಿಡಿದ ಹಾಲು ಸೀದ ವಾಸನೆ ಕೊಡುತ್ತದೆ. ಇನ್ನೊಂದು ವಿಶೇಷವುಂಟು. ರೊಟ್ಟಿಯನ್ನು ನಾವು ಸುಡುತ್ತೇವೆ. ಸೀಯುವಾಗ ಅದು ತಾನೇ ಸೀಯುತ್ತದೆ. ‘ಸೀದಿತು’ ಎಂದ ಮೇಲೆ ಯಾರಿಂದ, ಯಾತರಿಂದ ಎಂದು ಕೇಳುವವರಿಲ್ಲ. ಅಡಿಗೆಮನೆಯಲ್ಲಿ ಇದರಿಂದ ಜಗಳ ತಪ್ಪೀತು. ಹೊಲದಲ್ಲಿ ಬೆಳೆಯೇ ತಪ್ಪುತ್ತದೆ.

ನೀರಿಲ್ಲದೆ ಸೀಯುವ ಗಿಡ ಮೊದಲು ಜೋಲುತ್ತದೆ, ಸಂಜೆಗೆ ಕೊಂಚ ಚೇತರಿಸಿಕೊಳ್ಳುತ್ತದೆ. ಯೂರಿಯಾ ಬುಡಕ್ಕೆ ತಾಗಿದರೂ ಸೀಯುವುದುಂಟು. ಪೊಟ್ಯಾಷಿನ ಕೊರತೆಯಿದ್ದಲ್ಲಿ ಹಳೆಯ ಎಲೆಗಳ ಅಂಚು ಮಾತ್ರ ಸೀಯುತ್ತದೆ.

ಆಲೂಗೆಡ್ಡೆಗೆ ಬರುವ ಅಂಗಮಾರಿಯ ವಿಚಾರ ಬೇರೆ. ಮುಂಗಾರಿನಲ್ಲಿ ನೆಟ್ಟ ಗಿಡಕ್ಕೆ ಮೋಡ, ತಂಪು, ಜಿಟಿಜಿಟಿ ಮಳೆ ಬಿಡದೆ ಹಿಡಿದಾಗ ಎಲೆಯಲ್ಲಿ ನೀರು ನೆನೆದಂಥ ಮಚ್ಚೆ ಎದ್ದು ಕಪ್ಪಾಗುತ್ತದೆ. ಬೆಂಕಿಯ ಶಾಖವೂ ಇಲ್ಲ, ಬಿಸಿಲೂ ಇಲ್ಲ. ಆದರೂ ನೋಟಕ್ಕೆ ಸೀದಂತೆಯೇ. ಬೆಳಗಿನ ಹೊತ್ತು ಎಲೆಯನ್ನು ಮಗುಚಿ ನೋಡತಕ್ಕದ್ದು: ಮಚ್ಚೆಯ ಸುತ್ತ ಬಿಳಿಯ ನವಿರು ಬೂಷ್ಟು ಕಂಡರೆ ಅದು ಅಂಗಮಾರಿ. ಹೊಲವನ್ನು ಕೆಲವೇ ದಿನಗಳಲ್ಲಿ ನೆಲಕ್ಕೊರಗಿಸುತ್ತದೆ. 1845ರಲ್ಲಿ ಐರ್ಲೆಂಡಿಗೆ ಮಹಾಕ್ಷಾಮವನ್ನು ತಂದುದು ಇದೇ ರೋಗ. ಮಲೆನಾಡಿನ ಅಡಕೆಯ ಕೊಳೆರೋಗವು ಇದರ ದಾಯಾದಿ. ಸೀದಿತೆಂದು ನೀರು ಕಟ್ಟಿದವರು ರೋಗಕ್ಕೇ ಉಪಕಾರ ಮಾಡಿದಂತಾಯಿತು.

ಇಂಥ ಹವೆ ಕೂಡಿಬಂದಾಗ ಮಚ್ಚೆ ಕಾಣುವುದಕ್ಕೆ ಮುಂಚೆಯೇ ಲೀಟರು ನೀರಿಗೆ 2 ಗ್ರಾಂ ಮ್ಯಾಂಕೊಜೆಬ್ ಬೆರಸಿ, ಎಲೆಯ ಎರಡು ಮಗ್ಗುಲಿಗೂ ತಾಗುವಂತೆ ಸಿಂಪಡಿಸಬೇಕು. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಬಳಸುವವರು 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ ಹಾಕುವುದು. ಸುಣ್ಣ ಕಡಮೆಯಾದರೆ ಮದ್ದಿನಿಂದಲೇ ಎಲೆ ಸೀಯುತ್ತದೆ! ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು.

ರೋಗ ತಗುಲಿದ ಹೊಲದಲ್ಲಿ ಹಂಬನ್ನು ಮೊದಲು ಕೊಯ್ದು ಹೊರಗೆ ಸಾಗಿಸಿ, ಸಿಪ್ಪೆ ಬಲಿತ ಬಳಿಕ, ನೆಲ ಒಣಗಿದ ದಿನ ಗೆಡ್ಡೆ ಅಗೆಯುವುದು. ಒಳಗೆ ಕಂದುಬಣ್ಣ ಹತ್ತಿದ ಗೆಡ್ಡೆಯನ್ನು ಬಿತ್ತನೆಗೆ ಇಡಕೂಡದು, ತಿಪ್ಪೆಗೂ ಎಸೆಯಕೂಡದು; ಆಳವಾಗಿ ಹೂಳತಕ್ಕದ್ದು.