ನೀರು ಬಿದ್ದ ಲ್ಯಾಪ್‌ಟಾಪ್‌ನ ರಕ್ಷಣೆ

ಟ್ರ್ಯಾಕ್ಟರು, ಪಂಪ್‌ಸೆಟ್ಟು, ಸ್ಪ್ರೇಯರುಗಳಂತೆ ಲ್ಯಾಪ್‌ಟಾಪ್ ಸಹ ಈಗ ಅನೇಕ ರೈತ ಕುಟುಂಬಗಳ ಸ್ವತ್ತಾಗಿದೆ. ಮಕ್ಕಳ ಓದು, ಹಾಲಿನ ಸಂಘದ ಲೆಕ್ಕ, ರೈತ ಉತ್ಪಾದಕರ ಕಂಪನಿಯ ಷೇರುದಾರರ ಪಟ್ಟಿ, ಪಹಣಿ ಹಾಗೂ ಸಾಲದ ದಾಖಲೆಗಳು ಅದರೊಳಗೆ ಇರುತ್ತವೆ. ಇಂತಹ ಯಂತ್ರದ ಮೇಲೆ ಒಂದು ಲೋಟ ಕಾಫಿ ಚೆಲ್ಲಿದರೆ ಯಂತ್ರದ ಬೆಲೆಯಷ್ಟೇ ಅಲ್ಲ, ಹಲವು ವರ್ಷಗಳ ಲೆಕ್ಕವೂ ಕೈಬಿಟ್ಟು ಹೋಗುವ ಸಂಭವವಿದೆ. ಆದರೆ ಕೂಡಲೇ ಸರಿಯಾದ ಕ್ರಮಗಳನ್ನು ಅನುಸರಿಸಿದಲ್ಲಿ ಅನೇಕ ಸಂದರ್ಭಗಳಲ್ಲಿ ಎರಡನ್ನೂ ಉಳಿಸಿಕೊಳ್ಳಬಹುದು.

ಹಾನಿ ಆಗುವುದು ಹೇಗೆ?

ನೀರು ಮತ್ತು ವಿದ್ಯುತ್ತು ಒಟ್ಟಿಗೆ ಸೇರಿದಾಗ ಲ್ಯಾಪ್‌ಟಾಪಿಗೆ ಹೆಚ್ಚಿನ ಹಾನಿಯಾಗುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ತು ಹರಿಯುವುದು ಬಹಳ ಕಡಿಮೆ. ಆದರೆ ಕೊಳವೆ ಬಾವಿಯ ನೀರು, ಕಾಫಿ, ಉಪ್ಪು ಹಾಕಿದ ಮಜ್ಜಿಗೆ, ಗೊಬ್ಬರ ಕರಗಿಸಿದ ನೀರು ಇವುಗಳಲ್ಲಿ ಲವಣಗಳಿರುವುದರಿಂದ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಲ್ಯಾಪ್‌ಟಾಪಿನೊಳಗಿನ ಬೋರ್ಡಿನ ಮೇಲೆ ಬಹು ಸೂಕ್ಷ್ಮವಾದ ತಾಮ್ರದ ಗೆರೆಗಳಿವೆ. ಇವುಗಳ ನಡುವೆ ದ್ರವ ನಿಂತಾಗ ವಿದ್ಯುತ್ತು ದಾರಿ ತಪ್ಪಿ ಹರಿದು ಬಿಡಿಭಾಗಗಳು ಸುಟ್ಟುಹೋಗುತ್ತವೆ. ಇದು ಮೊದಲ ಬಗೆಯ ಹಾನಿ.

ಎರಡನೆಯದು ನಿಧಾನವಾಗಿ ಆಗುವಂತಹುದು. ನೀರು ಆರಿದರೂ ಅದರಲ್ಲಿದ್ದ ಲವಣ, ಸಕ್ಕರೆ, ಹಾಲಿನ ಅಂಶ ಅಲ್ಲಿಯೇ ಉಳಿಯುತ್ತವೆ. ಹನಿ ನೀರಾವರಿಯ ಡ್ರಿಪ್ಪರುಗಳ ಬಾಯಿಗೆ ಬಿಳಿಯ ಪದರ ಕಟ್ಟುವುದನ್ನು ರೈತರು ಬಲ್ಲರು. ಬೋರ್ಡಿನ ಮೇಲೂ ಇಂತಹ ಪದರ ಕೂರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಂಡು, ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಮೊದಲು ಚೆನ್ನಾಗಿಯೇ ನಡೆಯುತ್ತಿದ್ದ ಲ್ಯಾಪ್‌ಟಾಪ್ ಕೆಲವು ವಾರಗಳ ನಂತರ ಇದ್ದಕ್ಕಿದ್ದಂತೆ ನಿಂತುಹೋಗುವುದಕ್ಕೆ ಇದು ಒಂದು ಕಾರಣ.

ಕೂಡಲೇ ಮಾಡಬೇಕಾದ ಕೆಲಸಗಳು

1. ಚಾರ್ಜರು ಸಿಕ್ಕಿಸಿದ್ದರೆ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ನಂತರ ಚಾರ್ಜರನ್ನು ಕೀಳಬೇಕು. ಪ್ಲಗ್ಗು ಅಥವಾ ಎಕ್ಸ್‌ಟೆನ್ಷನ್ ಬೋರ್ಡು ಒದ್ದೆಯಾಗಿದ್ದರೆ ಅದನ್ನು ಮುಟ್ಟದೆ ಮೇನ್ ಸ್ವಿಚ್ ಆರಿಸತಕ್ಕದ್ದು. ಅಲ್ಲಿರುವುದು 230 ವೋಲ್ಟಿನ ವಿದ್ಯುತ್ತು. ಯಂತ್ರಕ್ಕಿಂತ ಪ್ರಾಣ ಮುಖ್ಯ.

2. ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕು. ತೆರೆದಿರುವ ಕೆಲಸ ಹಾಳಾದೀತೆಂದು ತಡಮಾಡಬಾರದು.

3. ಬ್ಯಾಟರಿ ಹೊರಗಿನಿಂದ ತೆಗೆಯುವಂತಿದ್ದರೆ ತೆಗೆದಿಡಬೇಕು. ಹೊಸ ಮಾದರಿಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಯಂತ್ರ ಆರಿದ್ದರೂ ಬ್ಯಾಟರಿಯಿಂದ ಬೋರ್ಡಿನ ಕೆಲವು ಭಾಗಗಳಿಗೆ ವಿದ್ಯುತ್ತು ಹೋಗುತ್ತಲೇ ಇರುತ್ತದೆ. ಆದುದರಿಂದ ಕೆಳಗಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಸಂಪರ್ಕ ತಪ್ಪಿಸಲು ಬಲ್ಲವರ ಬಳಿಗೆ ಅದೇ ದಿನ ಒಯ್ಯುವುದು ಉತ್ತಮ.

4. ಮೌಸು, ಪೆನ್‌ಡ್ರೈವ್ ಮುಂತಾದುವನ್ನು ಕಿತ್ತು, ಮೇಲಿನ ದ್ರವವನ್ನು ಒಣ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಉಜ್ಜಬಾರದು.

5. ಲ್ಯಾಪ್‌ಟಾಪನ್ನು ಅಗಲವಾಗಿ ತೆರೆದು, ಕೀಬೋರ್ಡು ಕೆಳಮುಖವಾಗುವಂತೆ ಡೇರೆಯ ಆಕಾರದಲ್ಲಿ ಬಟ್ಟೆಯ ಮೇಲೆ ನಿಲ್ಲಿಸಬೇಕು. ಹೀಗೆ ಮಾಡುವುದರಿಂದ ದ್ರವ ಬೋರ್ಡಿನತ್ತ ಇಳಿಯದೆ ಹೊರಗೆ ಸೋರುತ್ತದೆ.

6. ಬಿತ್ತನೆ ಬೀಜವನ್ನು ಆರಿಸುವಂತೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಫ್ಯಾನಿನ ಕೆಳಗೆ ಕನಿಷ್ಠ 48 ಗಂಟೆಗಳ ಕಾಲ ಒಣಗಿಸಬೇಕು.

ಮಾಡಬಾರದ ಕೆಲಸಗಳು

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ “ನಡೆಯುತ್ತದೆಯೋ ಇಲ್ಲವೋ ನೋಡೋಣ” ಎಂದು ನಡುವೆ ಯಂತ್ರವನ್ನು ಹಚ್ಚುವುದು. ಒದ್ದೆಯಾದ ಸ್ಟಾರ್ಟರ್ ಪೆಟ್ಟಿಗೆಗೆ ಕರೆಂಟು ಕೊಟ್ಟು ಮೋಟಾರು ಪರೀಕ್ಷಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ನೀರಿನಿಂದ ಕೆಡದೆ ಉಳಿದಿದ್ದ ಯಂತ್ರ ಈ ಪರೀಕ್ಷೆಯಿಂದಲೇ ಕೆಡಬಹುದು.

ಬಿಸಿಲಿನಲ್ಲಿಡುವುದು, ಒಲೆಯ ಬಳಿ ಇಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸುವುದು ಕೂಡದು. ಶಾಖದಿಂದ ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾಗುತ್ತವೆ, ಬ್ಯಾಟರಿಗೂ ಅಪಾಯ. ಅಕ್ಕಿಯ ಡಬ್ಬದಲ್ಲಿ ಹೂತಿಡುವ ರೂಢಿಯೂ ಸರಿಯಲ್ಲ. ಅಕ್ಕಿ ಒಳಗಿನ ಲವಣವನ್ನು ತೆಗೆಯಲಾರದು. ಬದಲಿಗೆ ಅದರ ನುಚ್ಚು, ಹುಡಿ ಕಿಂಡಿಗಳಲ್ಲಿ ಸೇರುತ್ತದೆ. ಫೋನನ್ನು ಅಕ್ಕಿಯಲ್ಲಿ ಇಡಬಾರದೆಂದು ಐಫೋನ್ ತಯಾರಿಸುವ ಆಪಲ್ ಕಂಪನಿಯೇ 2024ರಲ್ಲಿ ಸೂಚಿಸಿದೆ.

ರಿಪೇರಿ ಮತ್ತು ಶುದ್ಧೀಕರಣ

ಬಿದ್ದುದು ಬರಿಯ ನೀರಲ್ಲದೆ ಕಾಫಿ, ಹಾಲು, ಮಜ್ಜಿಗೆ ಅಥವಾ ಎಳನೀರು ಆಗಿದ್ದಲ್ಲಿ ಒಣಗಿಸಿದರಷ್ಟೇ ಸಾಲದು. ಬೋರ್ಡನ್ನು ಬಿಚ್ಚಿಸಿ, ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾದ ಬ್ರಷ್ಷಿನಲ್ಲಿ ತೊಳೆಸಬೇಕು. ಇದು ಬೇಗ ಹೊತ್ತಿಕೊಳ್ಳುವ ದ್ರವವಾದುದರಿಂದ ಬ್ಯಾಟರಿ ತೆಗೆದ ನಂತರವೇ, ಬೆಂಕಿಯಿಂದ ದೂರದಲ್ಲಿ ಈ ಕೆಲಸ ನಡೆಯಬೇಕು. ಕೈ ತೊಳೆಯುವ ಸ್ಯಾನಿಟೈಸರು ಇದಕ್ಕೆ ಬದಲಿಯಲ್ಲ.

ಯಾವ ದ್ರವ ಬಿತ್ತು, ಎಷ್ಟು ಹೊತ್ತಾಯಿತು, ನಂತರ ಯಂತ್ರವನ್ನು ಹಚ್ಚಲಾಗಿತ್ತೆ ಎಂಬುದನ್ನು ರಿಪೇರಿಯವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ವಾರಂಟಿ ಅವಧಿ ಮುಗಿಯದಿದ್ದಲ್ಲಿ ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ಯುವುದು ಲೇಸು.

ಯಂತ್ರ ಹೋದರೂ ಲೆಕ್ಕ ಉಳಿಯಬಹುದು

ಕಡತಗಳೆಲ್ಲ ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬ ಭಾಗದಲ್ಲಿ. ಬಹಳಷ್ಟು ಯಂತ್ರಗಳಲ್ಲಿ ಇದನ್ನು ಕಳಚಿ, ಚೆನ್ನಾಗಿ ಒಣಗಿದ ಮೇಲೆ ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ಹೊರತೆಗೆಯಬಹುದು. ಆದುದರಿಂದ “ಯಂತ್ರ ಪೂರಾ ಹೋಯಿತು” ಎಂದಾಗಲೂ ಈ ಭಾಗವನ್ನು ಗುಜರಿಗೆ ಹಾಕಬಾರದು. ಕೆಲವು ಹೊಸ ಮಾದರಿಗಳಲ್ಲಿ ಇದನ್ನು ಬೋರ್ಡಿಗೇ ಬೆಸೆದಿರುವುದರಿಂದ ಈ ಅನುಕೂಲವಿಲ್ಲ. ಬಿತ್ತನೆ ಬೀಜವನ್ನೆಲ್ಲ ಒಂದೇ ವಾಡೆಯಲ್ಲಿ ಇಡದಿರುವುದು ಹೇಗೆ ಜಾಣತನವೋ, ಲೆಕ್ಕಪತ್ರಗಳ ನಕಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ತೆಗೆದು ಬೇರೆ ಕಡೆ ಇಡುವುದೂ ಹಾಗೆಯೇ.

ಮೊಬೈಲು ನೀರಿಗೆ ಬಿದ್ದರೆ

ಕಾಲುವೆಗೋ ತೊಟ್ಟಿಗೋ ಬಿದ್ದ ಮೊಬೈಲನ್ನು ಕೂಡಲೇ ಆರಿಸಿ, ಸಿಮ್ ತೆಗೆದು, ಚಾರ್ಜಿನ ಕಿಂಡಿ ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಬೇಕು. ಕಿಂಡಿಯೊಳಗೆ ಕಡ್ಡಿ, ಹತ್ತಿ ತೂರಿಸಬಾರದು. ಪೂರ್ತಿ ಒಣಗುವ ತನಕ ಚಾರ್ಜು ಮಾಡಬಾರದು. ಐಪಿ67 ಎಂದು ನಮೂದಿಸಿದ ಮೊಬೈಲು 1 ಮೀಟರು ಆಳದ ಶುದ್ಧ ನೀರಿನಲ್ಲಿ 30 ನಿಮಿಷ ತಡೆಯುವಂತೆ ಪರೀಕ್ಷಿತವಾದುದು. ಸೋಪಿನ ನೀರು, ಔಷಧಿ ದ್ರಾವಣಗಳಿಗೆ ಈ ಭರವಸೆ ಅನ್ವಯಿಸದು. ಹಳೆಯದಾದಂತೆ ಈ ತಡೆಶಕ್ತಿಯೂ ಕುಗ್ಗುತ್ತದೆ.

ಇತರ ಸಾಮಾನ್ಯ ತೊಂದರೆಗಳು

ಬಿಸಿಯಾಗುವುದು: ಒಕ್ಕಣೆ ಕಾಲದ ಧೂಳು ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆ, ಕಂಬಳಿಗಳ ಮೇಲಿಡದೆ ಹಲಗೆಯ ಮೇಲಿಟ್ಟು ಬಳಸಬೇಕು. ಒಳಗಿನ ಧೂಳನ್ನು ಆಗಾಗ್ಗೆ ತೆಗೆಸಬೇಕು.

ಸಿಡಿಲು: ಗುಡುಗು ಮಳೆಯ ಸಮಯದಲ್ಲಿ ಸ್ವಿಚ್ಚು ಆರಿಸಿದರೆ ಸಾಲದು. ಮಳೆ ಶುರುವಾಗುವ ಮೊದಲೇ ಚಾರ್ಜರನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು.

ಉಬ್ಬಿದ ಬ್ಯಾಟರಿ: ಕೀಬೋರ್ಡು ಅಥವಾ ಕೆಳಗಿನ ಮುಚ್ಚಳ ಉಬ್ಬಿದ್ದರೆ ಬಳಕೆ ನಿಲ್ಲಿಸಬೇಕು. ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು, ಬೆಂಕಿಗೆ ಅಥವಾ ತಿಪ್ಪೆಗೆ ಹಾಕುವುದು ಅಪಾಯಕರ. ಹುಲ್ಲಿನ ಬಣವೆಯಿಂದ ದೂರವಿಟ್ಟು, ಆದಷ್ಟು ಬೇಗ ಸೇವಾ ಕೇಂದ್ರಕ್ಕೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಒಟ್ಟಿನಲ್ಲಿ ವಿದ್ಯುತ್ತು ತಪ್ಪಿಸಿ, ಬೋರಲಾಗಿಸಿ, ನೆರಳಿನಲ್ಲಿ ಒಣಗಿಸಿ, ಶುಚಿಗೊಳಿಸಿದ ಮೇಲೆಯೇ ಹಚ್ಚಬೇಕು. ಈ ಕ್ರಮವನ್ನು ಮನೆಯ ಮಕ್ಕಳಿಗೂ ಸಂಘದ ಕಾರ್ಯದರ್ಶಿಗಳಿಗೂ ತಿಳಿಸಿದಲ್ಲಿ ಬೆಲೆಬಾಳುವ ಯಂತ್ರವನ್ನೂ ಅದಕ್ಕಿಂತ ಬೆಲೆಯುಳ್ಳ ದಾಖಲೆಗಳನ್ನೂ ಕಾಪಾಡಿಕೊಳ್ಳಬಹುದು.