ಜ್ವರ ಬಂದರೆ ಮೊದಲು ಮೂತ್ರ ನೋಡಿಸು

ಪುಟ್ಟೀ, ಮಗಳಿಗೆ ರಿಫ್ಲಕ್ಸ್ ಇದೆ ಅಂದಾಗಿನಿಂದ ನೀನು ಒಂದನ್ನೇ ಕೇಳುತ್ತಿದ್ದೀಯ: ಬಸುರಿಯಾಗಿದ್ದಾಗ ನಾನೇನು ತಪ್ಪು ಮಾಡಿದೆ? ಏನೂ ಮಾಡಿಲ್ಲ ಕಣೇ. ಕಿಡ್ನಿಯಿಂದ ಇಳಿಯುವ ನಾಳ ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಒಂದಿಷ್ಟು ದೂರ ಸಾಗಬೇಕು. ಕೋಶ ತುಂಬಿದಾಗ ಆ ಭಾಗ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಅದು ಹುಟ್ಟಿನಿಂದಲೇ ಗಿಡ್ಡವಾಗಿದ್ದರೆ ಮೂತ್ರ ವಾಪಸು ಮೇಲಕ್ಕೆ ಹೋಗುತ್ತದೆ; ಅದೇ ರಿಫ್ಲಕ್ಸ್. ಸೌಮ್ಯವಾಗಿದ್ದರೆ ಬಹಳ ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಸರಿಹೋಗುತ್ತದೆ.

ಇದು ವಂಶದಲ್ಲಿ ಬರುವಂಥದ್ದು. ಇಂಥ ಮಕ್ಕಳ ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 27 ಮಂದಿಯಲ್ಲಿ ಕಂಡಿದೆ. ಈಗ ಹೊಟ್ಟೆಯಲ್ಲಿರುವ ಕೂಸಿನ ವಿಷಯ ಡಾಕ್ಟರ ಹತ್ತಿರ ಮೊದಲೇ ಮಾತಾಡು. ಎರಡೂ ಮನೆಯ ಹಿರಿಯರನ್ನು ಕೇಳು: ಚಿಕ್ಕಂದಿನಲ್ಲಿ ಯಾರಿಗೆ ಪದೇ ಪದೇ ಉರಿಮೂತ್ರ, ಚಳಿಜ್ವರ? ಯಾರಿಗೆ ಎಳೆವಯಸ್ಸಿಗೇ ಬಿಪಿ? ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ನಮ್ಮಲ್ಲಿ ಇವನ್ನೆಲ್ಲ ಮುಚ್ಚಿಡುತ್ತಾರೆ. ನೀನು ಮುಚ್ಚಿಡಬೇಡ.

ನೆಗಡಿ, ಕೆಮ್ಮು ಏನೂ ಇಲ್ಲದೆ ಮಗುವಿಗೆ ಜ್ವರ ಏರಿದರೆ ಅದು ಮೂತ್ರದ ಸೋಂಕಿರಬಹುದು; ಆಂಟಿಬಯೋಟಿಕ್ಕಿನ ಮೊದಲ ಚಮಚಕ್ಕೂ ಮುಂಚೆ ಮೂತ್ರ ಕಲ್ಚರಿಗೆ ಹೋಗಲಿ. ಎಳೆಕೂಸಿನ ಮೂತ್ರವನ್ನು ಅಂಟಿಸುವ ಚೀಲದಲ್ಲಿ ಹಿಡಿದರೆ ಚರ್ಮದ ಮೇಲಿನ ಕ್ರಿಮಿಯೂ ಸೇರಿ ವರದಿ ಕೆಡುತ್ತದೆ. ಸಣ್ಣ ಟ್ಯೂಬ್ ಹಾಕಿ ತೆಗೆಯುತ್ತೇವೆ ಎಂದರೆ ಬೇಡ ಅನ್ನಬೇಡ. ಮಗು ಅತ್ತರೂ ಬೇಗ ಮುಗಿಯುತ್ತದೆ.

ಸೋಂಕು ಮರುಕಳಿಸದಿರಲೆಂದು ದಿನಾ ಕೊಡುವ ಆಂಟಿಬಯೋಟಿಕ್ ಔಷಧದ ಬಗ್ಗೆ ನಿನಗೆ ಅನುಮಾನ. ಅಮೆರಿಕದಲ್ಲಿ ರಿಫ್ಲಕ್ಸ್ ಇದ್ದ 607 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಹುಸಿ ಔಷಧ ಕೊಟ್ಟು ಎರಡು ವರ್ಷ ನೋಡಿದರು. ಫಲಿತಾಂಶ 2014ರಲ್ಲಿ ಬಂತು. ಔಷಧ ಕುಡಿದವರಲ್ಲಿ ಸೋಂಕು ಮರುಕಳಿಸುವುದು ಅರ್ಧಕ್ಕಿಳಿಯಿತು. ಸೋಂಕಿನಿಂದ ಕಿಡ್ನಿಯಲ್ಲಿ ಉಳಿಯುವ ಕಲೆ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಔಷಧದ ನಡುವೆಯೂ ಸೋಂಕು ಬಂದವರಲ್ಲಿ ಅದಕ್ಕೆ ಬಗ್ಗದ ಕ್ರಿಮಿ ಹೆಚ್ಚು. ಹಾಗಾಗಿ ಒಂದು ಮಗುವಿಗೆ ಕೊಟ್ಟದ್ದು ಇನ್ನೊಂದಕ್ಕೆ ಬೇಡವಾಗಬಹುದು. ನೀನಾಗಿ ನಿಲ್ಲಿಸಬೇಡ, ಕೇಳಿ ನಿರ್ಧರಿಸು. ಮಗು ಕುಡಿಯುತ್ತಿರುವುದು ಔಷಧವೋ ಹುಸಿ ಔಷಧವೋ ತಿಳಿಯದೆಯೇ ದಿನವೂ ಕುಡಿಸಿದ ಆ ತಂದೆತಾಯಿಯರನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಮಲಬದ್ಧತೆ ಇರುವ, ಮೂತ್ರ ತಡೆದುಕೊಳ್ಳುವ ಮಕ್ಕಳಿಗೆ ಸೋಂಕು ಹೆಚ್ಚು ಕಾಡುತ್ತದೆ. ನಿನ್ನ ಮಗಳ ನೀರಿನ ಬಾಟ್ಲಿ ಸಂಜೆ ತುಂಬಿಕೊಂಡೇ ವಾಪಸು ಬರುತ್ತದಂತೆ. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ಅವಳು ನೀರೇ ಕುಡಿಯುತ್ತಿಲ್ಲವೇನೋ. ಸೋಮವಾರ ನೀನೇ ಹೋಗಿ ಅಲ್ಲಿ ಬಾಗಿಲಿಗೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತದಾ ನೋಡು; ಪಾಠದ ನಡುವೆ ಕೇಳಿದರೂ ಅವಳನ್ನು ಕಳಿಸಿ ಎಂದು ಟೀಚರಿಗೆ ಹೇಳಿ ಬಾ.